ಥಾರ್ ಮರುಭೂಮಿಯಲ್ಲಿ ನೀರೇ ಇಲ್ಲ, ಆದರೂ ಅಷ್ಟೊಂದು ಜನ ಹೇಗೆ ನೆಲೆಸಿದರು?

ನೀರೇ ಇಲ್ಲ ಅಂತೀರಲ್ಲ, ನನ್ನ ತಕರಾರು ಅಲ್ಲೇ. ಕೆಲಸದ ಮೇಲೆ ರಾಜಸ್ಥಾನದ ಬಾರ್ಮೇರ್ ಕಡೆ ಇದ್ದವನು ನಾನು. ನೀರು ಇದೆ, ಎಲ್ಲಿದೆ ಅಂತ ಗೊತ್ತಿರಬೇಕು ಅಷ್ಟೇ.

ಒಂದು ಕಾಲಕ್ಕೆ ಅಲ್ಲಿ ಕಾಡೇ ಇತ್ತು. ಜೈಸಲ್ಮೇರ್ ಹತ್ತಿರದ ಆಕಲ್‌ನಲ್ಲಿ ಸುಮಾರು 18 ಕೋಟಿ ವರ್ಷ ಹಿಂದಿನ ಮರದ ದಿಮ್ಮಿಗಳು ಕಲ್ಲಾಗಿ ಬಿದ್ದಿವೆ. ಈಗ ಆ ಕಡೆ ವರ್ಷಕ್ಕೆ 200 ಮಿ.ಮೀ. ಮಳೆ ಬಂದರೆ ಪುಣ್ಯ. ನೆಲದಾಳದ ನೀರು ಹೆಚ್ಚಿನ ಕಡೆ ಉಪ್ಪು.

ಆದರೆ ಕೆಲವು ಕಡೆ ಮರಳಿನ ಕೆಳಗೆ ಜಿಪ್ಸಂ ಅನ್ನೋ ಖನಿಜದ ಗಟ್ಟಿ ಪದರ ಇದೆ. ಮಳೆನೀರು ಅದನ್ನು ದಾಟಿ ಉಪ್ಪುನೀರಿಗೆ ಸೇರಲ್ಲ, ಮೇಲಿನ ಮರಳಲ್ಲೇ ತೇವವಾಗಿ ಉಳಿಯುತ್ತದೆ. ಇದನ್ನು ಹಿಡಿಯಲು ತೋಡಿದ್ದೇ ಕುಂಯಿ, ಕೆಲವು ಕಡೆ ಬೇರಿ ಅಂತಾರೆ. ಒಬ್ಬನೇ ಕೂತು ಅಗೆಯುವಷ್ಟು ಕಿರಿದಾದ ಬಾವಿ. ಒಳಗೆ ಉಸಿರು ಕಟ್ಟುವ ಸೆಖೆ. ಮೇಲಿದ್ದವರು ಆಗಾಗ ಹಿಡಿ ಹಿಡಿ ಮರಳನ್ನು ಜೋರಾಗಿ ಕೆಳಗೆಸೆಯುತ್ತಾರೆ, ಅದರ ಜತೆ ಹೊಸ ಗಾಳಿ ಇಳಿಯುತ್ತದೆ. ಅಗೆಯುವವನ ತಲೆಗೆ ಲೋಹದ ಟೋಪಿ! ಗೋಡೆ ಕುಸಿಯದಂತೆ ಖೀಂಪ್ ಗಿಡದ ನಾರಿನ ದಪ್ಪ ಹಗ್ಗವನ್ನು ಸುತ್ತು ಸುತ್ತಾಗಿ ಒತ್ತಿ ಕೂರಿಸುತ್ತಾರೆ. ದಿನಕ್ಕೆ ಒಸರುವುದು ಎರಡು ಮೂರು ಕೊಡ. ಅದಕ್ಕೇ ಬಾಯಿಗೆ ಮುಚ್ಚಳ, ಕೆಲವಕ್ಕೆ ಬೀಗ ಕೂಡ.

ಬೇಸಾಯಕ್ಕೆ ಪಾಲಿವಾಲ್ ಬ್ರಾಹ್ಮಣರ ಖಡೀನ್ ಇತ್ತು. ಕಲ್ಲುಗುಡ್ಡದಿಂದ ಹರಿದು ಬರುವ ನೀರಿಗೆ ಮಣ್ಣಿನ ಒಡ್ಡು ಹಾಕಿ, ಇಂಗಿದ ಮೇಲೆ ಆ ಹಸಿಯಲ್ಲೇ ಗೋಧಿ, ಕಡಲೆ ಬೆಳೆಯುವುದು. ಹೊಲದ ನಡುವೆ ಖೇಜಡಿ ಮರ, ನಮ್ಮ ದಸರಾದ ಬನ್ನಿಯೇ. ಸೊಪ್ಪು ಮೇವಿಗೆ, ಎಳೆ ಕಾಯಿ ಪಲ್ಯಕ್ಕೆ. ಜೋಧಪುರದ ಹತ್ತಿರ ಖೇಜಡ್ಲಿಯಲ್ಲಿ 1730ರಲ್ಲಿ ಈ ಮರ ಕಡಿಯಲು ರಾಜನ ಆಳುಗಳು ಬಂದಾಗ ಅಮೃತಾದೇವಿ ಮತ್ತು ಮರ ಕಾಯುವುದೇ ಧರ್ಮ ಅನ್ನುವ ಬಿಷ್ಣೋಯಿ ಪಂಗಡದ ಇತರರು ಮರ ಅಪ್ಪಿಕೊಂಡೇ ಸತ್ತರು, ಒಟ್ಟು 363 ಜನ.

1958ರಲ್ಲಿ ಕಾಮಗಾರಿ ಶುರುವಾದ ಇಂದಿರಾ ಗಾಂಧಿ ಕಾಲುವೆ ಪಂಜಾಬಿನ ಹರಿಕೆ ಬ್ಯಾರೇಜ್‌ನಿಂದ ನೀರು ತಂದಿತು, ಬೆಳೆಯೂ ಬಂತು. ಆದರೆ ಧಾರಾಳವಾಗಿ ನೀರು ಬಿಟ್ಟ ಕಡೆ ಮರಳಡಿಯ ಇದೇ ಜಿಪ್ಸಂ ಪದರ ಅದನ್ನು ಇಂಗಲು ಬಿಡಲಿಲ್ಲ. ಹೊಲಗಳು ಜೌಗಾದವು, ಉಪ್ಪು ಮೇಲೆದ್ದಿತು. 2006ರ ಆಗಸ್ಟ್‌ನಲ್ಲಂತೂ ಬಾರ್ಮೇರ್‌ನಲ್ಲಿ ಎರಡು ವರ್ಷದಷ್ಟು ಮಳೆ ಕೆಲವೇ ದಿನಗಳಲ್ಲಿ ಸುರಿಯಿತು. ಕವಾಸ್ ಊರು ಮುಳುಗಿತು, ಅನೇಕರು ಸತ್ತರು. ಕೆಳಗೆ ಜಿಪ್ಸಂ ಇದ್ದದ್ದರಿಂದ ಮಳೆ ನಿಂತರೂ ನೀರು ವಾರಗಟ್ಟಲೆ ಇಳಿಯಲೇ ಇಲ್ಲ.