ಮನೆ ಡ್ರಾಯಿಂಗ್ ಮಾತ್ರ ಇದ್ರೆ ಸಿಟಿ ಪ್ಲಾನಿಂಗ್ ಇಂಟರ್ನ್‌ಶಿಪ್ ಸಿಗತ್ತಾ?

ಬಿ.ಆರ್ಕ್ ನಾಲ್ಕನೇ ವರ್ಷ, ಮೈಸೂರು, ಪೋರ್ಟ್‌ಫೋಲಿಯೋದಲ್ಲಿ ಬರೀ ಮನೆ ಡಿಸೈನ್‌ಗಳೇ ಇವೆ, ಅರ್ಬನ್ ಡಿಸೈನ್ ಕಡೆ ಯಾರಾದ್ರೂ ತಗೋತಾರಾ ಅಂತ ಕೇಳಿದ್ದೀರಲ್ಲ, ತಗೋತಾರೆ, ಆದ್ರೆ ಅಪ್ಲೈ ಮಾಡೋಕೆ ಮುಂಚೆ ಒಂದು ರಸ್ತೆ ಸ್ಟಡಿ ಮಾಡಿ ಸೇರಿಸಿ. ದೇವರಾಜ ಅರಸು ರಸ್ತೆನೇ ತಗೊಳ್ಳಿ. ಟೇಪ್ ಹಿಡ್ಕೊಂಡು ಫುಟ್‌ಪಾತ್ ಅಳೀರಿ, ಐಆರ್‌ಸಿ 103 (ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಪಾದಚಾರಿ ಸೌಲಭ್ಯಗಳ ಮಾರ್ಗಸೂಚಿ) ಪ್ರಕಾರ ನಡೆಯೋಕೆ ಕನಿಷ್ಠ 1.8 ಮೀಟರ್ ಅಡ್ಡಿಯಿಲ್ಲದ ಜಾಗ ಇರ್ಬೇಕು, ಕಂಬ, ಟ್ರಾನ್ಸ್‌ಫಾರ್ಮರ್, ಬೈಕು ಎಲ್ಲಾ ಕಳೆದ್ರೆ ಎಷ್ಟು ಉಳಿಯತ್ತೆ ನೋಡಿ, ಬೆಳಿಗ್ಗೆ ಸಂಜೆ 15 ನಿಮಿಷ ನಿಂತು ನಡೆಯೋರನ್ನ ಎಣಿಸಿ, ವಯಸ್ಸಾದವರು ಎಲ್ಲಿ ದಾಟ್ತಾರೆ, ನೆರಳು ಎಲ್ಲಿದೆ, ಗಾಡಿಯವರು ಎಲ್ಲಿ ನಿಲ್ತಾರೆ ಅಂತ ಬರ್ಕೊಳ್ಳಿ. ಓಪನ್‌ಸ್ಟ್ರೀಟ್‌ಮ್ಯಾಪ್ (ಜನರೇ ಸೇರಿ ಮಾಡೋ ಆನ್‌ಲೈನ್ ಮ್ಯಾಪ್) ಡೇಟಾನ ಕ್ಯೂಜಿಐಎಸ್ ಅನ್ನೋ ಮ್ಯಾಪ್ ಸಾಫ್ಟ್‌ವೇರ್‌ಗೆ ಹಾಕಿದ್ರೆ ಮ್ಯಾಪ್ ರೆಡಿ, ಎರಡೂ ಫ್ರೀ. ಎರಡು ಶೀಟ್ ಸಾಕು.

ನಗರ ಸಂಸ್ಥೆಗಳಲ್ಲಿ ಇಂಟರ್ನ್‌ಶಿಪ್ ಕೊಡೋ ಕೇಂದ್ರ ಸರ್ಕಾರದ ಟುಲಿಪ್ ಯೋಜನೆ (2020ರಲ್ಲಿ ಶುರುವಾಗಿದ್ದು) ಡಿಗ್ರಿ ಮುಗಿಸಿದವರಿಗೆ, ಈಗ್ಲೇ ಅದಕ್ಕೆ ಕಾಯ್ಬೇಡಿ. ಬೆಂಗಳೂರಲ್ಲಿ ಡಲ್ಟ್‌ಗೆ (ರಾಜ್ಯ ಸರ್ಕಾರದ ನಗರ ಭೂ ಸಾರಿಗೆ ನಿರ್ದೇಶನಾಲಯ), ರಸ್ತೆ ಡಿಸೈನ್ ಮಾಡೋ ಸಣ್ಣ ಆಫೀಸ್‌ಗಳಿಗೆ ನೇರವಾಗಿ ಮೇಲ್ ಹಾಕಿ ಕೇಳಿ.

ಇನ್ನೊಂದು, ಸೇರೋ ಮುಂಚೆ ಸೈಟ್‌ಗೆ ಕರ್ಕೊಂಡು ಹೋಗ್ತೀರಾ, ಸ್ಟೈಪೆಂಡ್ ಎಷ್ಟು ಅಂತ ಕೇಳ್ಲೇಬೇಕು. ನಾನು ಇದನ್ನ ಕೇಳದೇ ಸೇರ್ಕೊಂಡು ನಾಲ್ಕು ತಿಂಗಳು ಬರೀ ರೆಂಡರ್ (ಡಿಸೈನ್‌ನ ಕಂಪ್ಯೂಟರ್ ಚಿತ್ರ) ಮಾಡ್ದೆ, ಒಂದು ವಾರ್ಡ್ ಕೂಡ ಕಾಲಲ್ಲಿ ಸುತ್ತಲಿಲ್ಲ, ಆ ಬೇಜಾರು ಇನ್ನೂ ಇದೆ. ಶೀಟ್ ಆದ್ಮೇಲೆ ಇಲ್ಲೇ ಹಾಕಿ, ಖಂಡಿತ ನೋಡ್ತೀನಿ.