ಅಪ್ಪ ಅಮ್ಮಂಗೆ ಸ್ಪ್ಯಾನಿಷ್ ಬರದಿದ್ರೆ ಮಗೂಗೆ ಹೇಗೆ ಸಹಾಯ ಮಾಡೋದು?

ಟೆಕ್ಸಾಸ್‌ನಲ್ಲಿ ಮಗೂನ ಡ್ಯುಯಲ್ ಲ್ಯಾಂಗ್ವೇಜ್ ಕ್ಲಾಸಿಗೆ (ಇಂಗ್ಲಿಷ್, ಸ್ಪ್ಯಾನಿಷ್ ಎರಡರಲ್ಲೂ ಪಾಠ ಮಾಡೋ ಕ್ಲಾಸು) ಹಾಕಿದೀವಿ, ನಮ್ಮಿಬ್ರಿಗೂ ಸ್ಪ್ಯಾನಿಷ್ ಬರಲ್ಲ ಅಂತ ಕೇಳಿದೀರ. ಟೆನ್ಶನ್ ಬಿಡಿ. 90:10 ಮಾದರಿ (90 ಪಾಲು ಸ್ಪ್ಯಾನಿಷ್, 10 ಪಾಲು ಇಂಗ್ಲಿಷ್) ಆದ್ರೆ ಶುರುವಿನಲ್ಲಿ ಹೆಚ್ಚುಕಮ್ಮಿ ಎಲ್ಲಾ ಪಾಠ ಸ್ಪ್ಯಾನಿಷ್‌ನಲ್ಲೇ, ಆಮೇಲೆ ವರ್ಷವರ್ಷಕ್ಕೂ ಇಂಗ್ಲಿಷ್ ಜಾಸ್ತಿ ಆಗ್ತಾ 50:50ಕ್ಕೆ ಬರುತ್ತೆ, ಹಾಗಾಗಿ ಮೊದಮೊದಲು ಮಗು ಬಾಯೇ ಬಿಡದಿದ್ರೂ ಗಾಬರಿ ಬೇಡ, ಕೇಳಿ ಕೇಳಿ ತುಂಬ್ಕೋತಾ ಇರುತ್ತೆ.

ಕನ್ನಡದೋರಿಗೆ ಒಂದು ಅನುಕೂಲ ಇದೆ ನೋಡಿ. ಸ್ಪ್ಯಾನಿಷ್‌ನಲ್ಲಿ ಸ್ವರ ಐದೇ, ಆ ಎ ಇ ಒ ಉ ಥರ, ಬಹುಪಾಲು ಬರೆದ ಹಾಗೇ ಓದೋದು. ತ, ದ ಕೂಡ ನಮ್ಮ ಹಾಗೆ ನಾಲಿಗೆ ಹಲ್ಲಿಗೆ ತಾಗಿಸೇ ಹೇಳೋದು. ಎಚ್ ಸೈಲೆಂಟ್, ಜೆ ಅಂದ್ರೆ ಹ, ಎರಡು ಎಲ್ ಒಟ್ಟಿಗೆ ಬಂದ್ರೆ ಹೆಚ್ಚಿನ ಕಡೆ ಯ, ಎನ್ ಮೇಲೆ ಅಲೆ ಥರ ಗೆರೆ ಇದ್ರೆ ನಮ್ಮ ಞ. ಇಷ್ಟು ಗೊತ್ತಿದ್ರೆ ಅರ್ಥ ಆಗ್ದೇ ಇದ್ರೂ ಲೈಬ್ರರಿಯಿಂದ ತಂದ ಚಿತ್ರದ ಪುಸ್ತಕ ನೀವೇ ಜೋರಾಗಿ ಓದ್ಬಹುದು, ಮಗು ತಪ್ಪು ತಿದ್ದಿದ್ರೆ ಇನ್ನೂ ಒಳ್ಳೇದು (ಅಪ್ಪಂಗೆ ಮೇಷ್ಟ್ರಾಗೋ ಚಾನ್ಸ್ ಯಾವ ಮಗು ಬಿಡುತ್ತೆ!).

ಕಾರ್ಟೂನ್ ಹೇಗೂ ನೋಡ್ತಾರೆ, ಆಡಿಯೋ ಸ್ಪ್ಯಾನಿಷ್‌ಗೆ ಹಾಕಿ. ಆಪ್‌ಗಳು ಪದ ಕಲಿಯೋಕೆ ಪರ್ವಾಗಿಲ್ಲ, ಮಾತಾಡೋಕೆ ಮನುಷ್ಯರೇ ಬೇಕು, ಕ್ಲಾಸಲ್ಲಿರೋ ಸ್ಪ್ಯಾನಿಷ್ ಮಾತಾಡೋ ಮಕ್ಕಳನ್ನ ಮನೆಗೆ ಆಟಕ್ಕೆ ಕರೀರಿ. ಸರ್ಟಿಫಿಕೇಟ್ ಬೇಕಂದ್ರೆ 11ರಿಂದ 17 ವರ್ಷದವ್ರಿಗೆ ಅಂತಾನೇ ಡೆಲೆ ಅನ್ನೋ ಸ್ಪ್ಯಾನಿಷ್ ಭಾಷಾ ಪರೀಕ್ಷೆ ಇದೆ, ಈಗ್ಲೇ ಅದರ ತಲೆಬಿಸಿ ಬೇಡ. ಮತ್ತೆ ಇದಕ್ಕೋಸ್ಕರ ಮನೇಲಿ ಕನ್ನಡ ಮಾತ್ರ ನಿಲ್ಲಿಸ್ಬೇಡಿ, ಮೂರು ಭಾಷೆ ಮಕ್ಕಳಿಗೆ ಭಾರ ಅಲ್ಲ.