ಶಿವಮೊಗ್ಗದಿಂದ ಕಾಪು ದೀಪಸ್ತಂಭಕ್ಕೆ ಹೋಗುವ ದಾರಿಯ ಕುರಿತು

ಮಾನ್ಯರೇ, ಮಕ್ಕಳನ್ನೂ ವಯಸ್ಸಾದ ತಾಯಿಯವರನ್ನೂ ಕರೆದುಕೊಂಡು ಶಿವಮೊಗ್ಗದಿಂದ ಕಾರಿನಲ್ಲಿ ಕಾಪುವಿಗೆ ಹೋಗಲು ಆಗುಂಬೆ ಘಾಟಿ ಸರಿಯೋ, ಹುಲಿಕಲ್ ಘಾಟಿ ಸರಿಯೋ ಎಂದು ಕೇಳಿದ್ದೀರಿ. ತೀರ್ಥಹಳ್ಳಿ, ಆಗುಂಬೆ, ಹೆಬ್ರಿ, ಉಡುಪಿಯ ಮಾರ್ಗವನ್ನೇ ಹಿಡಿಯಿರಿ. ಹುಲಿಕಲ್ ದಾರಿ ಕುಂದಾಪುರದ ಕಡೆಗೆ ಇಳಿಯುವುದರಿಂದ ನಿಮಗೆ ಸುತ್ತಾಗುತ್ತದೆ. ಆಗುಂಬೆಯ 14 ತಿರುವುಗಳಲ್ಲಿ ತಲೆಸುತ್ತು ಬಾರದಂತೆ ತಾಯಿಯವರನ್ನು ಮುಂದಿನ ಆಸನದಲ್ಲಿ ಕೂರಿಸಿ, ನಿಧಾನವಾಗಿ ಇಳಿಯಿರಿ.

1901ರಲ್ಲಿ ಕಟ್ಟಿದ ಕಾಪು ದೀಪಸ್ತಂಭ ಕಡಲಂಚಿನ ಹೆಬ್ಬಂಡೆಯ ಮೇಲೆ ನಿಂತಿದೆ. ಬಂಡೆಯ ಮೆಟ್ಟಿಲನ್ನೂ ಸ್ತಂಭದೊಳಗಿನ ಕಡಿದಾದ ಮೆಟ್ಟಿಲನ್ನೂ ಹತ್ತುವುದು ಹಿರಿಯರಿಗೆ ಕಷ್ಟವಾದ್ದರಿಂದ ತಾಯಿಯವರು ಮರಳಿನ ಮೇಲೆ ಕುಳಿತೇ ನೋಡುವುದು ಒಳಿತು. ಅಲ್ಲಿಂದಲೂ ನೋಟಕ್ಕೇನೂ ಕೊರತೆಯಿಲ್ಲ. ಪಾಚಿ ಕಟ್ಟಿದ ಬಂಡೆಗಳು ಬಹಳ ಜಾರುತ್ತವೆ, ಮಕ್ಕಳ ಕೈ ಬಿಡಬೇಡಿ.

ಮರುದಿನ ಬೆಳಗ್ಗೆ ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರಿಸ್ ದ್ವೀಪಕ್ಕೆ ಹೋಗಲೇಬೇಕೆಂಬುದು ನನ್ನ ಆಗ್ರಹ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ, ತಣಿಯುತ್ತ ಕುಗ್ಗಿ ಬಿರಿದು ಬಹುಕೋನದ ಕಂಬಗಳಾಗಿ ನಿಂತಿರುವುದನ್ನು ಮಕ್ಕಳು ಅಲ್ಲಿ ಮುಟ್ಟಿ ನೋಡಬಹುದು. ಮಳೆಗಾಲದಲ್ಲಿ ಈ ದೋಣಿಗಳು ಓಡುವುದಿಲ್ಲವಾದ್ದರಿಂದ ಡಿಸೆಂಬರ್ ಅಥವಾ ಜನವರಿಯಲ್ಲಿ ಹೊರಡಿ.